ಬಳ್ಳಾರಿಯಿಂದ ಷೋ ರಿಂಗ್‌ವರೆಗೆ: ಪುಟ್ಟ ತಳಿಯ ನಾಯಿ ಪ್ರದರ್ಶನಕ್ಕೆ ಹೊರಟ ಹೊಸಬರಿಗೆ

ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲು ಮರಿ ಮನೆಗೆ ಬರುತ್ತದೆ. ಹೆಸರಿಟ್ಟು, ಫೋಟೊ ತೆಗೆದು, ಸ್ಟೇಟಸ್ ಹಾಕಿ ಆಗುತ್ತದೆ. ವರ್ಷ ಕಳೆದ ಮೇಲೆ ಮನೆಗೆ ಬಂದ ಯಾರೋ "ಎಷ್ಟ್ ಚಂದ ಐತ್ರೀ, ಷೋಗೆ ಹಾಕ್ರಿ" ಅನ್ನುತ್ತಾರೆ. ಆಗ ಹುಡುಕಾಟ ಶುರು. ನೋಂದಣಿ ಪೇಪರ್ ಎಲ್ಲಿ? ಚಿಪ್ ಹಾಕಿಸಿದ್ದಾರಾ? ಮರಿಯ ಅಪ್ಪ-ಅಮ್ಮ ಯಾರು? ಅಷ್ಟು ಹೊತ್ತಿಗೆ ಮರಿ ಮಾರಿದವರ ಫೋನ್ ಸ್ವಿಚ್ ಆಫ್ ಆಗಿರುತ್ತದೆ.

ಷೋ ಹವ್ಯಾಸ ಬೇಕೆಂದರೆ ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಮೊದಲು ಷೋ ನೋಡಿ. ಆಮೇಲೆ ತಳಿಯ ಸ್ಟ್ಯಾಂಡರ್ಡ್, ಅಂದರೆ ಆ ತಳಿ ಹೇಗಿರಬೇಕು ಅನ್ನುವ ಬರಹ ಓದಿ. ಮರಿ ತರುವುದು ಅದಾದ ಮೇಲೆ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇರುವವರಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಏಕೆಂದರೆ ನಮ್ಮ ಬಿಸಿಲು, ಧೂಳು, ಸವಳು ನೀರು ಮೂರೂ ಪುಟ್ಟ ನಾಯಿಗಳಿಗೆ ಸ್ನೇಹಿತರಲ್ಲ.

ಮೊದಲ ಸಲ ಬರಿಗೈಯಲ್ಲಿ ಹೋಗಿ

ಭಾರತದಲ್ಲಿ ಚಾಂಪಿಯನ್‌ಷಿಪ್ ಡಾಗ್ ಷೋಗಳು ಬಹುತೇಕ ನಡೆಯುವುದು ಕೆನಲ್ ಕ್ಲಬ್ ಆಫ್ ಇಂಡಿಯಾ, ಅಂದರೆ ಕೆಸಿಐ ನಿಯಮದ ಕೆಳಗೆ. ಇದರ ಕಚೇರಿ ಚೆನ್ನೈನಲ್ಲಿದೆ. ಬೇರೆ ಬೇರೆ ಊರುಗಳ ಕೆನಲ್ ಕ್ಲಬ್‌ಗಳು ಕೆಸಿಐಗೆ ಸೇರಿಕೊಂಡು ತಮ್ಮ ತಮ್ಮ ಊರಲ್ಲಿ ಷೋ ನಡೆಸುತ್ತವೆ. ಸೀಸನ್ ಹೆಚ್ಚಾಗಿ ಚಳಿಗಾಲದ್ದು. ಅಕ್ಟೋಬರ್ ಸುಮಾರಿಗೆ ಶುರುವಾಗಿ ಮಾರ್ಚ್ ಹೊತ್ತಿಗೆ ತಣ್ಣಗಾಗುತ್ತದೆ. ಊಟಿಯ ಷೋ ಮಾತ್ರ ಬೇರೆ. ಅಲ್ಲಿ ತಂಪು ಇರುವುದರಿಂದ ಅದು ಮೇ ತಿಂಗಳಲ್ಲಿ ನಡೆಯುತ್ತದೆ.

ನಮಗೆ ಹತ್ತಿರದ ಷೋ ಊರುಗಳು ಬೆಂಗಳೂರು ಮತ್ತು ಹೈದರಾಬಾದ್. ಬಳ್ಳಾರಿಯಿಂದ ಬೆಂಗಳೂರು ಸುಮಾರು 300 ಕಿಲೋಮೀಟರ್. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಸಲೀಸು. ಒಂದು ಷೋ ತಾರೀಖು ನೋಡಿಕೊಂಡು ಸುಮ್ನೆ ಹೋಗಿ. ನಾಯಿ ಬೇಡ, ಕೈಯಲ್ಲಿ ಒಂದು ನೋಟ್‌ಬುಕ್ ಸಾಕು.

ಬೆಳಿಗ್ಗೆಯೇ ಹೋಗಿ ಕ್ಯಾಟಲಾಗ್ ಕೊಂಡುಕೊಳ್ಳಿ. ಅದರಲ್ಲಿ ಪ್ರತಿ ನಾಯಿಯ ಹೆಸರು, ನೋಂದಣಿ ನಂಬರ್, ತಂದೆ-ತಾಯಿಯ ಹೆಸರು, ಮರಿ ಹಾಕಿಸಿದ ಬ್ರೀಡರ್ ಯಾರು, ಮಾಲೀಕರು ಯಾರು ಎಲ್ಲ ಅಚ್ಚಾಗಿರುತ್ತದೆ. ನಿಮಗೆ ಇಷ್ಟವಾದ ತಳಿಯ ರಿಂಗ್, ಅಂದರೆ ಸ್ಪರ್ಧೆ ನಡೆಯುವ ಅಂಕಣದ ಹತ್ತಿರ ಕುಳಿತು, ಯಾವ ನಾಯಿ ಗೆದ್ದಿತು ಅಂತ ಗುರುತು ಮಾಡಿಕೊಳ್ಳಿ. ಗೆದ್ದ ನಾಲ್ಕೈದು ನಾಯಿಗಳಲ್ಲಿ ಮೂರಕ್ಕೆ ಒಂದೇ ಅಪ್ಪನ ಹೆಸರು ಇದ್ದರೆ, ಮರಿ ಯಾರ ಹತ್ತಿರ ಕೇಳಬೇಕು ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಆನ್‌ಲೈನ್ ಜಾಹೀರಾತಿನಲ್ಲಿ ಈ ಮಾಹಿತಿ ಎಂದೂ ಸಿಗುವುದಿಲ್ಲ.

ಷೋಗೆ ಬಂದವರನ್ನು ಮಾತಾಡಿಸಲು ಹಿಂಜರಿಯಬೇಡಿ. ಆದರೆ ರಿಂಗ್‌ಗೆ ಇಳಿಯುವ ಮುಂಚೆ ಕೇಳಬೇಡಿ. ಆ ಹೊತ್ತಿನಲ್ಲಿ ಅವರ ತಲೆಯೆಲ್ಲ ನಾಯಿಯ ಮೇಲೆ ಇರುತ್ತದೆ. ಅವರ ತಳಿಯ ಸ್ಪರ್ಧೆ ಮುಗಿದು, ಟೇಬಲ್ ಹತ್ತಿರ ಚಹಾ ಕುಡಿಯುತ್ತಾ ನಿಂತಿರುವಾಗ ಹೋಗಿ "ಸರ್, ಬಳ್ಳಾರಿಯಿಂದ ಬಂದೀವಿ, ಹೊಸಬರು" ಅಂದರೆ ಸಾಕು. ಬಹಳ ಜನ ಬೇಕಾದ್ದಕ್ಕಿಂತ ಹೆಚ್ಚೇ ಹೇಳುತ್ತಾರೆ. ಅನುಮತಿ ಇಲ್ಲದೆ ನಾಯಿಯನ್ನು ಮುಟ್ಟಬೇಡಿ. ಎರಡು ತಾಸು ಬಾಚಿ ನಿಲ್ಲಿಸಿದ ಕೂದಲು ಅದು.

ಜಡ್ಜ್ ನೋಡುವುದೇನು

ಹೊಸಬರು ತಪ್ಪು ತಿಳಿಯುವುದು ಇಲ್ಲೇ. ಜಡ್ಜ್ ನಿಮ್ಮ ನಾಯಿಯನ್ನು ಪಕ್ಕದ ನಾಯಿಗೆ ಹೋಲಿಸುವುದಕ್ಕಿಂತ ಮುಂಚೆ, ಒಂದು ಬರಹಕ್ಕೆ ಹೋಲಿಸುತ್ತಾರೆ. ಆ ಬರಹವೇ ಬ್ರೀಡ್ ಸ್ಟ್ಯಾಂಡರ್ಡ್. ತಲೆ ಹೇಗಿರಬೇಕು, ಹಲ್ಲು ಹೇಗೆ ಕೂರಬೇಕು, ಬಾಲ ಎಲ್ಲಿಂದ ಏಳಬೇಕು, ನಡಿಗೆ ಹೇಗಿರಬೇಕು, ತೂಕ ಎಷ್ಟು ಎಲ್ಲ ಅದರಲ್ಲಿದೆ. 1911ರಲ್ಲಿ ಶುರುವಾದ ಎಫ್‌ಸಿಐ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟದ ಜಾಲತಾಣದಲ್ಲಿ ಇವು ಉಚಿತವಾಗಿ ಸಿಗುತ್ತವೆ. ಪ್ರತಿ ತಳಿಗೂ ಒಂದು ನಂಬರ್ ಇರುತ್ತದೆ. ಶಿಟ್ಜು 208, ಚಿವಾವಾ 218, ಪಗ್ 253, ಮಾಲ್ಟೀಸ್ 65, ಮಿನಿಯೇಚರ್ ಪಿನ್ಷರ್ 185. ನಾಲ್ಕಾರು ಪುಟ ಅಷ್ಟೇ. ಎರಡು ಸಲ ಓದಿ.

ಓದಿದರೆ ಕೆಲವು ವಿಷಯ ಆಶ್ಚರ್ಯ ಹುಟ್ಟಿಸುತ್ತವೆ. ಪಾಮೇರಿಯನ್‌ಗೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಕತ್ತರಿಯಂತೆ ಕೂರಬೇಕು. ಅದೇ ಪಗ್‌ಗೆ ಕೆಳದವಡೆ ಸ್ವಲ್ಪ ಮುಂದೆ ಇರುವುದೇ ಸರಿ. ಅಂದರೆ ಒಂದು ತಳಿಯಲ್ಲಿ ದೋಷ ಆಗಿರುವುದು ಇನ್ನೊಂದರಲ್ಲಿ ಲಕ್ಷಣ. ಚಿವಾವಾ ತೂಕ 3 ಕೆಜಿ ಒಳಗೆ ಇರಬೇಕು. 3 ಕೆಜಿ ದಾಟಿದರೆ ರಿಂಗ್‌ನಿಂದ ಹೊರಗೆ. ಪ್ರೀತಿಯಿಂದ ಬಿಸ್ಕತ್ತು ತಿನ್ನಿಸುವ ಅಜ್ಜಿ ಇರುವ ಮನೆಯವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಗಂಡು ನಾಯಿ ಯಾವ ತಳಿಯದೇ ಆಗಲಿ, ಎರಡೂ ವೃಷಣ ಪೂರ್ತಿ ಕೆಳಗೆ ಇಳಿದಿರಬೇಕು. ಜಡ್ಜ್ ಕೈಯಿಟ್ಟು ಪರೀಕ್ಷಿಸುತ್ತಾರೆ.

ಇನ್ನೊಂದು ಗೊಂದಲ ಗ್ರೂಪ್‌ಗಳದ್ದು. ಪುಟ್ಟ ನಾಯಿಗಳೆಲ್ಲ ಟಾಯ್ ಗ್ರೂಪ್ ಅಂತ ನಾವು ಅಂದುಕೊಳ್ಳುತ್ತೇವೆ. ಅಮೆರಿಕ, ಬ್ರಿಟನ್‌ನ ವೀಡಿಯೊ ನೋಡಿದರೆ ಹಾಗೇ ಕಾಣುತ್ತದೆ. ಆದರೆ ಕೆಸಿಐ ಪಾಲಿಸುವ ಎಫ್‌ಸಿಐ ಪದ್ಧತಿಯಲ್ಲಿ ಪಗ್, ಶಿಟ್ಜು, ಲಾಸಾ ಆಪ್ಸೊ, ಚಿವಾವಾ, ಮಾಲ್ಟೀಸ್, ಪೆಕಿನೀಸ್, ಪ್ಯಾಪಿಲಾನ್ ಇವು 9ನೇ ಗ್ರೂಪ್‌ನಲ್ಲಿವೆ. ಪಾಮೇರಿಯನ್ ಸ್ಪಿಟ್ಜ್ ಜಾತಿಗೆ ಸೇರಿದ್ದರಿಂದ 5ನೇ ಗ್ರೂಪ್‌ನಲ್ಲಿ ಇದೆ. ಯಾರ್ಕ್‌ಷೈರ್ ಟೆರಿಯರ್ 3ರಲ್ಲಿ, ಮಿನಿಯೇಚರ್ ಪಿನ್ಷರ್ 2ರಲ್ಲಿ. ಅಂದರೆ ನಿಮ್ಮ ನಾಲ್ಕೂವರೆ ಕೆಜಿ ಪಿನ್ಷರ್ ಗ್ರೂಪ್ ಸ್ಪರ್ಧೆಗೆ ಹೋದರೆ ಪಕ್ಕದಲ್ಲಿ ಡಾಬರ್‌ಮನ್, ರಾಟ್‌ವೈಲರ್ ನಿಂತಿರುತ್ತವೆ. ನೋಡಲು ತಮಾಷೆ, ಆದರೆ ಅಭ್ಯಾಸ ಇಲ್ಲದ ಮರಿ ಅಲ್ಲಿ ಬಾಲ ಮಡಚಿಬಿಡುತ್ತದೆ.

ನಮ್ಮ ಓಣಿಗಳಲ್ಲಿ ಬಿಳಿ ಬಣ್ಣದ, ಉದ್ದ ಮೂತಿಯ ನಾಯಿಯನ್ನು ಎಲ್ಲರೂ ಪಾಮೇರಿಯನ್ ಅನ್ನುತ್ತಾರೆ. ಅದು ಹೆಚ್ಚಿನ ಸಲ ಇಂಡಿಯನ್ ಸ್ಪಿಟ್ಜ್. ಒಳ್ಳೆಯ ನಾಯಿ, ಬಿಸಿಲಿಗೂ ಹೊಂದಿಕೊಂಡಿದೆ. ಆದರೆ ಪಾಮೇರಿಯನ್ ರಿಂಗ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಪಾಮೇರಿಯನ್ ಎತ್ತರ ಭುಜದ ಹತ್ತಿರ 18ರಿಂದ 24 ಸೆಂಟಿಮೀಟರ್ ಅಷ್ಟೇ.

ನಮ್ಮ ಬಿಸಿಲಿಗೆ ಯಾವ ತಳಿ

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬಳ್ಳಾರಿ, ರಾಯಚೂರಿನ ಹೊಸಬರಿಗೆ ಪಗ್ ಬೇಡ. 2003ರ ಸುಮಾರಿಗೆ ಹಚ್ ಫೋನ್ ಜಾಹೀರಾತು ಬಂದಾಗಿನಿಂದ ಪಗ್ ಎಲ್ಲರ ಮನಸ್ಸಿನಲ್ಲಿ ಕೂತಿದೆ, ನಿಜ. ಆದರೆ ಚಪ್ಪಟೆ ಮೂತಿಯ ನಾಯಿಗೆ ಉಸಿರಿನ ದಾರಿ ಕಿರಿದು. ನಾಯಿ ಮೈ ತಂಪು ಮಾಡಿಕೊಳ್ಳುವುದೇ ನಾಲಿಗೆ ಚಾಚಿ ಏದುಸಿರು ಬಿಟ್ಟು. ಆ ದಾರಿಯೇ ಕಿರಿದಾದರೆ 40 ಡಿಗ್ರಿ ದಾಟುವ ಏಪ್ರಿಲ್-ಮೇ ತಿಂಗಳಲ್ಲಿ ಅದರ ಗತಿ ಏನು? ಪೆಕಿನೀಸ್‌ಗೂ ಇದೇ ಮಾತು. ಶಿಟ್ಜು ಸ್ವಲ್ಪ ವಾಸಿ, ಆದರೂ ಬೇಸಿಗೆಯಲ್ಲಿ ಎಸಿ ಅಥವಾ ಒಳ್ಳೆಯ ಕೂಲರ್ ಇರುವ ಕೋಣೆ ಬೇಕೇ ಬೇಕು. ಕರೆಂಟ್ ಹೋದಾಗ ಏನು ಮಾಡುತ್ತೀರಿ ಅನ್ನುವುದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ಹೊಸಬರಿಗೆ ನನ್ನ ಮೊದಲ ಆಯ್ಕೆ ಮಿನಿಯೇಚರ್ ಪಿನ್ಷರ್. 25ರಿಂದ 30 ಸೆಂಟಿಮೀಟರ್ ಎತ್ತರ, 4ರಿಂದ 6 ಕೆಜಿ ತೂಕ. ಕೂದಲು ಗಿಡ್ಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರು ಕತ್ತರಿಸಿದರೆ ಷೋಗೆ ಅರ್ಧ ತಯಾರಿ ಆಯಿತು. ಕುದುರೆಯ ಹಾಗೆ ಮುಂಗಾಲು ಎತ್ತಿ ನಡೆಯುವ ಗತ್ತು ಅದರದ್ದು. ಎರಡನೆಯದು ಗಿಡ್ಡ ಕೂದಲಿನ ಚಿವಾವಾ. ಇವೆರಡರಲ್ಲಿ ಕೂದಲಿನ ಕೆಲಸ ಕಡಿಮೆ ಇರುವುದರಿಂದ ನಿಮ್ಮ ಸಮಯವೆಲ್ಲ ನಡಿಗೆ, ನಿಲುವು ಕಲಿಸುವುದಕ್ಕೆ ಸಿಗುತ್ತದೆ.

ಮಾಲ್ಟೀಸ್ ಬಗ್ಗೆ ಕೇಳುತ್ತಾರೆ. ಸಂಡೂರು, ತೋರಣಗಲ್ಲು ಕಡೆಯ ಕೆಂಧೂಳು ನೋಡಿದವರು ಅಚ್ಚ ಬಿಳಿ, ನೆಲ ಮುಟ್ಟುವ ಕೂದಲಿನ ನಾಯಿ ಸಾಕುವ ಮುಂಚೆ ಎರಡು ಸಲ ಯೋಚಿಸಬೇಕು. ಆಗುವುದೇ ಇಲ್ಲ ಅಂತಲ್ಲ. ಮನೆಯಲ್ಲಿ ಒಬ್ಬರು ದಿನಕ್ಕೆ ಒಂದು ತಾಸು ಅದಕ್ಕೇ ಕೊಡಬೇಕು.

ಟೀಕಪ್ ಅಂತ ಮಾರುವ ಮರಿಗಳಿಂದ ದೂರ ಇರಿ. ಟೀಕಪ್ ಅನ್ನುವ ತಳಿ ಯಾವ ಸ್ಟ್ಯಾಂಡರ್ಡ್‌ನಲ್ಲೂ ಇಲ್ಲ. ತೀರಾ ಸಣ್ಣ ಮರಿಗಳಿಗೆ ರಕ್ತದಲ್ಲಿ ಸಕ್ಕರೆ ಕುಸಿಯುವ ತೊಂದರೆ ಜಾಸ್ತಿ. ಒಂದು ಹೊತ್ತು ಊಟ ತಪ್ಪಿದರೂ ಕುಸಿದು ಬೀಳಬಹುದು.

ಮರಿ ಮತ್ತು ಪೇಪರ್

ಮರಿಗೆ ಕೆಸಿಐ ನೋಂದಣಿ ಆಗಬೇಕಾದರೆ ಅದರ ತಂದೆ, ತಾಯಿ ಎರಡೂ ನೋಂದಣಿ ಆಗಿರಬೇಕು. ಮರಿಗಳ ನೋಂದಣಿ ಮಾಡಿಸಬೇಕಾದವರು ಮರಿ ಹಾಕಿಸಿದವರು, ಅಂದರೆ ಬ್ರೀಡರ್. ನೀವಲ್ಲ. "ಪೇಪರ್ ಆಮೇಲೆ ಕಳಿಸ್ತೀನಿ" ಅಂದರೆ ಬ್ರೀಡರ್ ನೋಂದಣಿಗೆ ಹಾಕಿದ ಅರ್ಜಿಯ ಪ್ರತಿ ಕೇಳಿ. ಅರ್ಜಿಯೇ ಹಾಕಿಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ. ಪೇಪರ್ ಇದ್ದರೆ ಒಂದು ರೇಟು, ಇಲ್ಲದಿದ್ದರೆ ಒಂದು ರೇಟು ಅನ್ನುವವರನ್ನೂ ಬಿಡಿ.

ಮೈಕ್ರೋಚಿಪ್ ಅಂದರೆ ಅಕ್ಕಿಕಾಳಿನಷ್ಟು ಚಿಕ್ಕ ಚಿಪ್. ಕುತ್ತಿಗೆ-ಭುಜದ ನಡುವೆ ಚರ್ಮದ ಕೆಳಗೆ ಸೂಜಿಯಲ್ಲಿ ಹಾಕುತ್ತಾರೆ. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ. ಮರಿ ಕೈಗೆ ಬರುವ ಮುಂಚೆ ಸ್ಕ್ಯಾನರ್ ಇಟ್ಟು ನಂಬರ್ ಓದಿಸಿ, ಪೇಪರ್‌ನಲ್ಲಿ ಇರುವ ನಂಬರ್‌ಗೆ ತಾಳೆ ನೋಡಿ. ಆಮೇಲೆ ಮಾಲೀಕತ್ವ ನಿಮ್ಮ ಹೆಸರಿಗೆ ವರ್ಗಾವಣೆ ಮಾಡಿಸಿಕೊಳ್ಳಿ. ಇದಕ್ಕೆ ಮಾರಿದವರ ಒಪ್ಪಿಗೆ ಬೇಕು. ಆದ್ದರಿಂದ ಪೂರ್ತಿ ದುಡ್ಡು ಕೊಡುವ ಮುಂಚೆಯೇ ಈ ಕೆಲಸ ಶುರು ಮಾಡಿಸಿ.

ಕಾನೂನೂ ಸ್ವಲ್ಪ ತಿಳಿದಿರಲಿ. 2017ರ ನಾಯಿ ಸಂತಾನ ಮತ್ತು ಮಾರಾಟದ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಮೂವತ್ತು ದಿನದ ಮರಿಯನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕಿ ಕಳಿಸುವವರು ಇನ್ನೂ ಇದ್ದಾರೆ. ಅಂಥ ಕಡೆ ಕೊಳ್ಳಬೇಡಿ.

ಷೋಗೆ ಮರಿ ಬೇಕು ಅಂತ ಬ್ರೀಡರ್‌ಗೆ ಬಾಯಿಬಿಟ್ಟು ಹೇಳಿ. ಒಂದೇ ಹೆರಿಗೆಯ ನಾಲ್ಕು ಮರಿಗಳಲ್ಲಿ ಎಲ್ಲವೂ ಷೋ ಕ್ವಾಲಿಟಿ ಆಗಿರುವುದಿಲ್ಲ. ಎರಡು ತಿಂಗಳಿಗೆ ಯಾರೂ ಗ್ಯಾರಂಟಿ ಕೊಡಲು ಆಗುವುದಿಲ್ಲ ಅನ್ನುವುದೂ ಸತ್ಯ. ಐದಾರು ತಿಂಗಳ, ಹಲ್ಲು ಬದಲಾದ ಮರಿ ಸಿಕ್ಕರೆ ದುಡ್ಡು ಸ್ವಲ್ಪ ಜಾಸ್ತಿ ಆದರೂ ಅದೇ ಲೇಸು. ಹಿಂಗಾಲಿನ ಮಂಡಿಚಿಪ್ಪು ಜಾರುವ ತೊಂದರೆ ಪುಟ್ಟ ತಳಿಗಳಲ್ಲಿ ಸಾಮಾನ್ಯ. ಪಶುವೈದ್ಯರ ಹತ್ತಿರ ಮಂಡಿ ಮುಟ್ಟಿ ನೋಡಿಸಿ. ನಡೆಯುತ್ತಾ ನಡುವೆ ಒಂದು ಹೆಜ್ಜೆ ಕುಂಟಿ ಮತ್ತೆ ಸರಿಯಾಗುವ ಮರಿ ಕಂಡರೆ ಅನುಮಾನ ಪಡಿ.

ಮನೆಯಲ್ಲಿ ಮೊದಲ ತಿಂಗಳುಗಳು

ಲಸಿಕೆ ಬಗ್ಗೆ ನಿಮ್ಮ ವೈದ್ಯರು ಹೇಳಿದಂತೆ ಮಾಡಿ. ಡಿಸ್ಟೆಂಪರ್-ಪಾರ್ವೊ ಲಸಿಕೆಯ ಎಲ್ಲ ಡೋಸ್, ಮೂರು ತಿಂಗಳಿಗೆ ರೇಬಿಸ್ ಲಸಿಕೆ. ಪುಸ್ತಕದಲ್ಲಿ ತಾರೀಖು ಬರೆಸಿ ಇಟ್ಟುಕೊಳ್ಳಿ, ಷೋಗೂ ಅದು ಬೇಕಾಗುತ್ತದೆ. ನಮ್ಮ ಕಡೆ ಉಣ್ಣಿ ಕಾಟ ಜಾಸ್ತಿ. ಉಣ್ಣಿಯಿಂದ ಬರುವ ಜ್ವರ ಪುಟ್ಟ ನಾಯಿಯನ್ನು ಬೇಗ ಇಳಿಸಿಬಿಡುತ್ತದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ಸಂಜೆ ನೋಡಿ.

ಐದರಿಂದ ಏಳು ತಿಂಗಳ ನಡುವೆ ಹಲ್ಲು ನೋಡುತ್ತಿರಿ. ಪುಟ್ಟ ತಳಿಗಳಲ್ಲಿ ಹಾಲುಹಲ್ಲು ಬೀಳದೆ ಹಾಗೇ ಉಳಿದು, ಹೊಸ ಕೋರೆಹಲ್ಲು ಓರೆಯಾಗಿ ಬರುತ್ತದೆ. ಸಮಯಕ್ಕೆ ತೆಗೆಸಿದರೆ ಬೈಟ್, ಅಂದರೆ ಹಲ್ಲು ಕೂರುವ ರೀತಿ ಉಳಿಯುತ್ತದೆ, ತಡ ಮಾಡಿದರೆ ಒಳ್ಳೆಯ ಷೋ ನಾಯಿಯೊಂದು ಬರೀ ಮನೆನಾಯಿಯಾಗುತ್ತದೆ.

ಪಾಮೇರಿಯನ್ ಸಾಕಿದವರು ನಾಲ್ಕೈದು ತಿಂಗಳಿಗೆ ಗಾಬರಿಯಾಗುತ್ತಾರೆ. ಹತ್ತಿಯ ಉಂಡೆಯಂತಿದ್ದ ಮರಿಯ ಕೂದಲು ಉದುರಿ ಮಂಗನ ಮರಿಯ ಹಾಗೆ ಕಾಣುತ್ತದೆ. ರೋಗವಲ್ಲ, ಮರಿಗೂದಲು ಹೋಗಿ ದೊಡ್ಡ ಕೂದಲು ಬರುವ ಕಾಲ ಅದು. ಆ ತಿಂಗಳುಗಳಲ್ಲಿ ಷೋ ಎಂಟ್ರಿ ಹಾಕಬೇಡಿ. ಹಾಗೆಯೇ ಬೇಸಿಗೆ ಅಂತ ಪಾಮೇರಿಯನ್‌ನ ಕೂದಲು ಬೋಳಿಸಬೇಡಿ. ಎರಡು ಪದರದ ಆ ಕೂದಲು ಒಮ್ಮೆ ಬೋಳಿಸಿದರೆ ಮೊದಲಿನ ಹಾಗೆ ಬರದೇ ಹೋಗಬಹುದು.

ಬೇಸಿಗೆಯಲ್ಲಿ ತಿರುಗಾಟ ಬೆಳಿಗ್ಗೆ ಬಿಸಿಲು ಏರುವ ಮುಂಚೆ, ಇಲ್ಲವೇ ರಾತ್ರಿ ಊಟದ ಹೊತ್ತಿಗೆ. ಟಾರು ರಸ್ತೆಯ ಮೇಲೆ ಅಂಗೈ ಹಿಂಭಾಗ ಏಳು ಸೆಕೆಂಡ್ ಇಡಿ. ನಿಮಗೆ ತಡೆಯದಿದ್ದರೆ ನಾಯಿಗೂ ತಡೆಯದು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ಮುಟ್ಟಿದರೆ ಪ್ರಾಣಕ್ಕೆ ಅಪಾಯ. ಜೊಲ್ಲು ಸುರಿಸುತ್ತಾ ತೂರಾಡಿದರೆ ಸಾದಾ ತಣ್ಣೀರು ಮೈಮೇಲೆ ಸುರಿದು, ಫ್ಯಾನ್ ಹಚ್ಚಿ, ತಕ್ಷಣ ಆಸ್ಪತ್ರೆಗೆ ಹೋಗಿ. ಒದ್ದೆ ಟವೆಲ್ ಸುತ್ತಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ದಿನಾ ಹತ್ತು ನಿಮಿಷ, ಟೇಬಲ್ ಮೇಲೆ

ಇಡೀ ಲೇಖನದಲ್ಲಿ ಒಂದೇ ಭಾಗ ಪಾಲಿಸುವುದಾದರೆ ಇದನ್ನು ಪಾಲಿಸಿ. ಪುಟ್ಟ ನಾಯಿಗಳನ್ನು ಜಡ್ಜ್ ನೆಲದ ಮೇಲೆ ಅಲ್ಲ, ಟೇಬಲ್ ಮೇಲೆ ನಿಲ್ಲಿಸಿ ಪರೀಕ್ಷಿಸುತ್ತಾರೆ. ಗುರುತಿಲ್ಲದ ವ್ಯಕ್ತಿ ಮೇಲಿಂದ ಬಗ್ಗಿ, ತುಟಿ ಎತ್ತಿ ಹಲ್ಲು ನೋಡಿ, ಬೆನ್ನು, ಕಾಲು, ಹೊಟ್ಟೆ ಮುಟ್ಟುತ್ತಾನೆ. ಅಭ್ಯಾಸ ಇಲ್ಲದ ನಾಯಿ ಕಚ್ಚಲು ಹೋಗುತ್ತದೆ, ಇಲ್ಲವೇ ಕೂತುಬಿಡುತ್ತದೆ. ಕಚ್ಚಲು ಹೋದರೆ ಆ ದಿನದ ಆಟ ಅಲ್ಲಿಗೆ ಮುಗಿಯಿತು.

ಗ್ರೂಮಿಂಗ್ ಟೇಬಲ್ ಕೊಳ್ಳುವ ಅವಸರ ಬೇಡ. ಅಲುಗಾಡದ ಒಂದು ಟೇಬಲ್, ಅದರ ಮೇಲೆ ಜಾರದ ರಬ್ಬರ್ ಮ್ಯಾಟ್ ಸಾಕು. ಮೊದಲ ವಾರ ಬರೀ ನಿಲ್ಲಿಸಿ, ತಿನ್ನಿಸಿ, ಇಳಿಸಿ. ಎಂದೂ ಅದನ್ನು ಒಂಟಿಯಾಗಿ ಮೇಲೆ ಬಿಟ್ಟು ಹೋಗಬೇಡಿ. ಚಿವಾವಾ ಕಾಲು ಕಡ್ಡಿಯಷ್ಟು ತೆಳು, ಹಾರಿದರೆ ಮುರಿಯುತ್ತದೆ. ಆಮೇಲೆ ಸ್ಟ್ಯಾಕ್, ಅಂದರೆ ಜಡ್ಜ್ ಎದುರು ನಿಲ್ಲುವ ನಿಲುವು ಕಲಿಸಿ. ಮುಂಗಾಲು ಭುಜದ ಕೆಳಗೆ ನೇರ, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಲಂಬ, ತಲೆ ಮೇಲೆ. ಮೊದಲು ಐದು ಸೆಕೆಂಡ್ ನಿಂತರೆ ಶಭಾಷ್. ನಿಧಾನವಾಗಿ ಒಂದು ನಿಮಿಷಕ್ಕೆ ತನ್ನಿ. ಎದುರಿಗೆ ಕನ್ನಡಿ ಇದ್ದರೆ ಜಡ್ಜ್‌ಗೆ ಕಾಣುವುದು ನಿಮಗೂ ಕಾಣುತ್ತದೆ.

ಬಂದವರೆಲ್ಲರ ಕೈಯಲ್ಲಿ ಹಲ್ಲು ನೋಡಿಸಿ. ಹಾಲಿನವರು, ಪಕ್ಕದ ಮನೆ ಅಕ್ಕ, ಟೋಪಿ ಹಾಕಿದವರು, ಗಡ್ಡ ಬಿಟ್ಟವರು, ಕನ್ನಡಕದವರು ಎಲ್ಲರೂ ಬೇಕು. ಲಸಿಕೆ ಪೂರ್ತಿ ಮುಗಿದ ಮೇಲೆ ಬಳ್ಳಾರಿಯ ಕೌಲ್ ಬಜಾರ್‌ನಂಥ ಗದ್ದಲದ ಜಾಗದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ. ಷೋ ಮೈದಾನದಲ್ಲಿ ಮೈಕ್, ಚಪ್ಪಾಳೆ, ನೂರಾರು ನಾಯಿಗಳ ಬೊಗಳಾಟ ಎಲ್ಲ ಇರುತ್ತದೆ. ಮನೆಯ ಮೌನದಲ್ಲಿ ಬೆಳೆದ ನಾಯಿಗೆ ಅದು ಸಂತೆಯಲ್ಲ, ಯುದ್ಧ.

ನಡಿಗೆಗೆ ತೆಳುವಾದ ಷೋ ಲೀಡ್, ಅಂದರೆ ನಾಯಿ ಹಿಡಿಯುವ ಹಗ್ಗ ಬೇಕು. ನಾಯಿ ಯಾವಾಗಲೂ ನಿಮ್ಮ ಎಡಗಡೆ. ಹೋಗಿ-ಬರುವುದು, ತ್ರಿಕೋನ, ಸುತ್ತು, ಈ ಮೂರು ದಾರಿ ಕಲಿಸಿದರೆ ಸಾಕು. ಓಡಿಸಬೇಡಿ, ಪುಟ್ಟ ಕಾಲಿನ ನಡಿಗೆಗೆ ನಿಮ್ಮ ಚುರುಕಾದ ಹೆಜ್ಜೆ ಸರಿಹೋಗುತ್ತದೆ. ದಿನನಿತ್ಯದ ತಿರುಗಾಟಕ್ಕೆ ಮಾತ್ರ ಕುತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಪುಟ್ಟ ತಳಿಗಳ ಶ್ವಾಸನಾಳ ನಾಜೂಕು, ಎಳೆತಕ್ಕೆ ಕುಸಿಯಬಹುದು.

ಆಸೆ ತೋರಿಸಲು ಬೇಯಿಸಿದ ಕೋಳಿ ಲಿವರ್ ಸಣ್ಣ ತುಂಡು ಮಾಡಿಟ್ಟುಕೊಳ್ಳಿ. ಮಾಂಸ ತರದ ಮನೆಯವರಿಗೆ ಪನೀರ್ ಇದೆ. ಉಪ್ಪು, ಮಸಾಲೆ, ಈರುಳ್ಳಿ ಬೇಡ. ಈರುಳ್ಳಿ ನಾಯಿಗೆ ವಿಷ. ಮಿರ್ಚಿ-ಮಂಡಕ್ಕಿ ತಿನ್ನುವಾಗ ಒಂದು ತುತ್ತು ಎಸೆಯುವ ಮಾವನಿಗೂ ಇದನ್ನು ಹೇಳಿ.

ಕೂದಲು, ನೀರು, ಧೂಳು

ಉದ್ದ ಕೂದಲಿನ ತಳಿ ತಂದಿದ್ದರೆ ಮಾತ್ರ ಈ ಭಾಗ. ಒಣಗೂದಲನ್ನು ಬಾಚಬೇಡಿ, ಮುರಿಯುತ್ತದೆ. ನೀರಿಗೆ ಸ್ವಲ್ಪ ಕಂಡೀಷನರ್ ಬೆರೆಸಿ ಸ್ಪ್ರೇ ಮಾಡಿ, ಪಿನ್ ಬ್ರಷ್‌ನಿಂದ ಪದರ ಪದರವಾಗಿ ಬುಡದಿಂದ ಬಾಚಿ, ಕೊನೆಗೆ ಸ್ಟೀಲ್ ಬಾಚಣಿಗೆ ಆಡಿಸಿ. ಬಾಚಣಿಗೆ ಎಲ್ಲೂ ಸಿಕ್ಕದೆ ಬಂದರೆ ಕೆಲಸ ಮುಗಿಯಿತು. ಸಿಕ್ಕು ಇದ್ದಾಗ ಸ್ನಾನ ಮಾಡಿಸಿದರೆ ಅದು ಗಂಟಾಗಿ, ಕತ್ತರಿಸದೆ ಬೇರೆ ದಾರಿ ಉಳಿಯುವುದಿಲ್ಲ.

ಬೋರ್‌ವೆಲ್‌ನ ಸವಳು ನೀರಿನಲ್ಲಿ ಶಾಂಪೂ ಪೂರ್ತಿ ಹೋಗುವುದಿಲ್ಲ, ಕೂದಲು ಮಂಕಾಗಿ ಅಂಟುತ್ತದೆ. ಮೈ ತೊಳೆಯಲು ಯಾವ ನೀರಾದರೂ ಇರಲಿ, ಕೊನೆಯ ಎರಡು ತಂಬಿಗೆ ಮಾತ್ರ ಸಿಹಿ ನೀರು ಅಥವಾ ಫಿಲ್ಟರ್ ನೀರು ಸುರಿಯಿರಿ. ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮನುಷ್ಯರ ಶಾಂಪೂ ಬೇಡ. ಒಣಗಿಸುವುದು ಬ್ಲೋವರ್‌ನಲ್ಲಿ, ಬಾಚುತ್ತಾ ಬಾಚುತ್ತಾ. ಬಿಸಿಲಿಗೆ ಬಿಟ್ಟರೆ ಶಿಟ್ಜು ಕೂದಲು ಅಲೆಅಲೆಯಾಗಿ ಸುಕ್ಕಾಗುತ್ತದೆ. ತಿರುಗಾಡಿ ಬಂದ ಮೇಲೆ ಪಾದ ತೊಳೆದು ಒರೆಸುವುದು ದಿನದ ರೂಢಿಯಾಗಲಿ. ಕೆಂಮಣ್ಣಿನ ಕಲೆ ಕೂತ ಮೇಲೆ ತೆಗೆಯುವುದು ಕಷ್ಟ.

ಬಣ್ಣ ಹಚ್ಚುವುದು, ಕೂದಲು ಕೂಡಿಸುವುದು, ಮಂಪರು ಔಷಧ ಕೊಡುವುದು ಎಲ್ಲ ನಿಷಿದ್ಧ. ಸಿಕ್ಕಿಬಿದ್ದರೆ ನಾಯಿಯ ಜೊತೆ ನಿಮ್ಮ ಹೆಸರೂ ಕೆಡುತ್ತದೆ.

ಎಂಟ್ರಿ ಮತ್ತು ಪ್ರಯಾಣ

ದೊಡ್ಡ ಷೋಗೆ ಮುಂಚೆ ಊರಿನಲ್ಲೇ ಅಭ್ಯಾಸ ಮಾಡಿ. ನಮ್ಮ ಜಿಲ್ಲೆಗಳ ಉತ್ಸವ, ಮೇಳಗಳ ಸಮಯದಲ್ಲಿ ನಡೆಯುವ ಶ್ವಾನ ಪ್ರದರ್ಶನಗಳಲ್ಲಿ ಪೇಪರ್ ಕೇಳುವುದು ಅಪರೂಪ. ಅಲ್ಲಿ ಗೆದ್ದ ಕಪ್ ಕೆಸಿಐ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಜನಜಂಗುಳಿ ನಡುವೆ ನಾಯಿ ಹೇಗೆ ನಡೆದುಕೊಳ್ಳುತ್ತದೆ ಅಂತ ಖರ್ಚಿಲ್ಲದೆ ಗೊತ್ತಾಗುತ್ತದೆ.

ಚಾಂಪಿಯನ್‌ಷಿಪ್ ಷೋಗೆ ಎಂಟ್ರಿ ಮುಂಚೆಯೇ ಮುಗಿದಿರುತ್ತದೆ. ಆ ದಿನ ಬಾಗಿಲಲ್ಲಿ ದುಡ್ಡು ಕೊಟ್ಟು ಸೇರಲು ಆಗದು. ಷೋ ಷೆಡ್ಯೂಲ್‌ನಲ್ಲಿ ಕೊನೆಯ ತಾರೀಖು, ಶುಲ್ಕ, ಜಡ್ಜ್‌ಗಳ ಹೆಸರು, ವಯಸ್ಸಿನ ಪ್ರಕಾರ ತರಗತಿಗಳು ಇರುತ್ತವೆ. ಮರಿಗಳಿಗೆ ಬೇರೆ, ಜೂನಿಯರ್‌ಗೆ ಬೇರೆ, ದೊಡ್ಡವಕ್ಕೆ ಓಪನ್. ಷೋ ದಿನ ನಾಯಿಗೆ ಎಷ್ಟು ತಿಂಗಳು ತುಂಬಿರುತ್ತದೆ ಅಂತ ಲೆಕ್ಕ ಹಾಕಿ ತರಗತಿ ಆರಿಸಿ. ಒಂದೇ ಮೈದಾನದಲ್ಲಿ ಶನಿವಾರ-ಭಾನುವಾರ ಎರಡು ಷೋ, ಬೇರೆ ಬೇರೆ ಜಡ್ಜ್ ಇರುವುದುಂಟು. ದೂರದಿಂದ ಹೋಗುವ ನಮಗೆ ಅಂಥದ್ದೇ ಲಾಭ.

ರೈಲಿನಲ್ಲಿ ನಾಯಿಯನ್ನು ಜೊತೆಗೆ ಕೂರಿಸಿಕೊಳ್ಳಲು ಎಸಿ ಫಸ್ಟ್ ಕ್ಲಾಸ್‌ನ ಕೂಪೆ ಅಥವಾ ಕ್ಯಾಬಿನ್ ಪೂರ್ತಿ ನಿಮ್ಮದೇ ಆಗಿರಬೇಕು. ಸ್ಲೀಪರ್, ಎಸಿ ಟೂ ಟಯರ್, ತ್ರೀ ಟಯರ್‌ನಲ್ಲಿ ಬಿಡುವುದಿಲ್ಲ. ಇನ್ನುಳಿದದ್ದು ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆ. ಮೂರು ಕೆಜಿ ನಾಯಿಯನ್ನು ಅದರಲ್ಲಿ ಹಾಕಲು ನಾನಂತೂ ಹೇಳುವುದಿಲ್ಲ. ಷೋಗೆ ಹೋಗುವ ಇನ್ನೊಬ್ಬರ ಜೊತೆ ಸೇರಿ ಕಾರು ಮಾಡಿಕೊಳ್ಳಿ. ಚಳ್ಳಕೆರೆ, ಹಿರಿಯೂರು ದಾರಿಯಲ್ಲಿ ಬೆಳಗಿನ ಜಾವ ಹೊರಟರೆ ಬಿಸಿಲು ತಪ್ಪುತ್ತದೆ. ಹಿಂದಿನ ದಿನವೇ ತಲುಪಿ, ರಾತ್ರಿ ನಾಯಿಗೆ ನಿದ್ದೆ ಆಗಲಿ.

ಕ್ರೇಟ್‌ನಲ್ಲಿ, ಅಂದರೆ ನಾಯಿ ಒಯ್ಯುವ ಪೆಟ್ಟಿಗೆಯಲ್ಲಿ ಮಲಗುವ ಅಭ್ಯಾಸ ಎರಡು ತಿಂಗಳ ಮುಂಚೆಯೇ ಮಾಡಿಸಿ. ಮನೆಯ ನೀರು ಎರಡು ಬಾಟಲ್, ತಿನ್ನುವ ಆಹಾರ, ಗ್ಲೂಕೋಸ್ ಪುಡಿ, ಬ್ಯಾಟರಿ ಫ್ಯಾನ್, ಟವೆಲ್, ಬ್ರಷ್, ಲಸಿಕೆ ಪುಸ್ತಕ, ನೋಂದಣಿ ಪ್ರತಿ ಜೊತೆಗಿರಲಿ. ನಿಲ್ಲಿಸಿದ ಕಾರಿನಲ್ಲಿ ಒಂದು ನಿಮಿಷವೂ ನಾಯಿಯನ್ನು ಒಂಟಿ ಬಿಡಬೇಡಿ.

ರಿಂಗ್ ಒಳಗೆ

ಸಾದಾ, ಇಸ್ತ್ರಿ ಮಾಡಿದ ಬಟ್ಟೆ. ನಾಯಿಯ ಬಣ್ಣಕ್ಕೆ ಎದ್ದು ಕಾಣುವಂತಿರಲಿ. ಕಪ್ಪು ಪಿನ್ಷರ್ ಹಿಡಿದು ಕಪ್ಪು ಪ್ಯಾಂಟ್ ಹಾಕಿದರೆ ನಾಯಿಯ ಗೆರೆ ಕಾಣುವುದೇ ಇಲ್ಲ. ಸದ್ದು ಮಾಡುವ ಬಳೆ, ಜೇಬಿನ ಚಿಲ್ಲರೆ ಬೇಡ. ಜಾರದ ಬೂಟು ಬೇಕು.

ಸ್ಟೀವರ್ಡ್, ಅಂದರೆ ರಿಂಗ್‌ನಲ್ಲಿ ಜಡ್ಜ್‌ಗೆ ನೆರವಾಗುವವರು, ನಂಬರ್ ಕರೆಯುವ ಮುಂಚೆ ರಿಂಗ್ ಬಾಗಿಲ ಹತ್ತಿರ ಇರಿ. ನಿಮಗಿಂತ ಮುಂಚೆ ನಡೆಯುವ ತರಗತಿಗಳನ್ನು ನೋಡಿದರೆ ಈ ಜಡ್ಜ್ ಯಾವ ದಾರಿಯಲ್ಲಿ ನಡೆಸುತ್ತಾರೆ ಅಂತ ಗೊತ್ತಾಗುತ್ತದೆ. ಜಡ್ಜ್ ಜೊತೆ ಮಾತು ಬೇಡ. ವಯಸ್ಸು ಕೇಳಿದರೆ ತಿಂಗಳು ಹೇಳಿ, ಅಷ್ಟೇ. ಅಪ್ಪ ಚಾಂಪಿಯನ್ ಅನ್ನುವ ಮಾತು ಅಲ್ಲಿ ಎತ್ತಬಾರದು. ಜಡ್ಜ್ ಬೇರೆ ನಾಯಿ ನೋಡುತ್ತಿರುವಾಗ ನಿಮ್ಮದು ಸ್ವಲ್ಪ ಆರಾಮಾಗಿರಲಿ, ಪೂರ್ತಿ ಬಿಟ್ಟುಕೊಡಬೇಡಿ. ಅವರ ಕಣ್ಣು ಯಾವಾಗ ತಿರುಗುತ್ತದೋ ಹೇಳಲಾಗದು. ಹೊರಗೆ ನಿಂತ ಮನೆಯವರು ನಾಯಿಯ ಹೆಸರು ಕೂಗಬಾರದು, ಮೊದಲೇ ಹೇಳಿಟ್ಟಿರಿ.

ತರಗತಿ ಗೆದ್ದ ನಾಯಿಗಳು ಮತ್ತೆ ಸೇರುತ್ತವೆ. ಅಲ್ಲಿ ಗಂಡಿಗೊಂದು, ಹೆಣ್ಣಿಗೊಂದು ಚಾಲೆಂಜ್ ಸರ್ಟಿಫಿಕೇಟ್, ಎಲ್ಲರೂ ಸಿಸಿ ಅನ್ನುವುದು ಇದನ್ನೇ. ಆಮೇಲೆ ಬೆಸ್ಟ್ ಆಫ್ ಬ್ರೀಡ್, ಅದಾದ ಮೇಲೆ ಗ್ರೂಪ್, ಕೊನೆಗೆ ಬೆಸ್ಟ್ ಇನ್ ಷೋ. ಬೇರೆ ಬೇರೆ ಜಡ್ಜ್‌ಗಳಿಂದ ಸಿಸಿ ಕೂಡಿಸಿದರೆ ಚಾಂಪಿಯನ್ ಪಟ್ಟ. ತರಗತಿ ಗೆದ್ದ ಕೂಡಲೇ ಮನೆಗೆ ಹೊರಟುಬಿಡಬೇಡಿ. ಮುಂದಿನ ಸುತ್ತಿಗೆ ನಿಮ್ಮ ನಂಬರ್ ಕರೆದಾಗ ನೀವು ಊಟದ ಸಾಲಿನಲ್ಲಿ ಇದ್ದರೆ ಅವಕಾಶ ಹೋಯಿತು.

ಸೋತರೂ ಗೆದ್ದವರ ಕೈ ಕುಲುಕಿ ಬನ್ನಿ. ಜಡ್ಜ್ ಕೆಲಸ ಪೂರ್ತಿ ಮುಗಿದ ಮೇಲೆ ಹೋಗಿ "ಮೇಡಂ, ಹೊಸಬ. ಇದರಲ್ಲಿ ಏನು ಕಡಿಮೆ ಅನಿಸಿತು?" ಅಂತ ಕೇಳಬಹುದು. ಬಹಳ ಜನ ಹೇಳುತ್ತಾರೆ. ನಾಯಿಯ ಮೈಕಟ್ಟಿನ ದೋಷ ಹೇಳಿದರೆ ಅದನ್ನು ಬದಲಿಸಲಾಗದು. ತೂಕ, ಸ್ನಾಯು, ನಡಿಗೆ, ಟೇಬಲ್ ಮೇಲಿನ ಹೆದರಿಕೆ ಅಂದರೆ ಅದು ಮನೆಯ ಕೆಲಸ, ಮುಂದಿನ ಷೋ ಹೊತ್ತಿಗೆ ಸರಿಮಾಡಬಹುದು. ಎರಡನ್ನೂ ಬೇರೆ ಬೇರೆ ಪುಟದಲ್ಲಿ ಬರೆದುಕೊಳ್ಳಿ.

ಊರಿಗೆ ಮರಳಿದ ಮೇಲೆ ಕಿವಿ, ಬೆರಳ ಸಂದಿ, ಬಾಲದ ಬುಡದಲ್ಲಿ ಉಣ್ಣಿ ಹುಡುಕಿ. ಕೂದಲಿಗೆ ಹಾಕಿದ ಸ್ಪ್ರೇ ಅದೇ ರಾತ್ರಿ ಅಥವಾ ಮರುದಿನ ತೊಳೆದು ತೆಗೆಯಿರಿ. ಮನೆಯಲ್ಲಿ ಲಸಿಕೆ ಮುಗಿಯದ ಬೇರೆ ಮರಿ ಇದ್ದರೆ ಒಂದು ವಾರ ಅದರಿಂದ ದೂರ ಇಡಿ. ಕೆಮ್ಮು ಕಾಣಿಸಿದರೆ ಮುಂದಿನ ಎಂಟ್ರಿ ಬಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ.